ಗುಂಗ್-ದೊಂಗ್ ಸರಿಯೋ, ಒನ್‌ಚನ್ 2-ದೊಂಗ್ ಸರಿಯೋ? ಕೊರಿಯಾದ ವಿಳಾಸದ ಒಳಸುಳಿ

ಪ್ರಶ್ನೆ: ಮಗಳು ಸಂಶೋಧನೆಗೆಂದು ದಕ್ಷಿಣ ಕೊರಿಯಾದ ದೇಜನ್ ನಗರಕ್ಕೆ ಹೋಗಿದ್ದಾಳೆ. ಕ್ಯಾಂಪಸ್ಸಿನ ಹೊರಗೆ ಒಂದು ರೂಮು ಹಿಡಿದಿದ್ದಾಳೆ. ಚಟ್ನಿಪುಡಿ, ಎರಡು ಸ್ವೆಟರ್ ಇಟ್ಟು ಕಳಿಸಿದ ಪಾರ್ಸೆಲ್ ಒಂದೂವರೆ ತಿಂಗಳ ಮೇಲೆ ‘ವಿಳಾಸ ಅಪೂರ್ಣ’ ಎಂಬ ಚೀಟಿ ಅಂಟಿಸಿಕೊಂಡು ಮರಳಿ ಬಂತು. ಅವಳ ಸಂಸ್ಥೆಯ ಹಳೆಯ ಲೇಖನವೊಂದರಲ್ಲಿ ಪಿನ್ 305-701 ಎಂದಿದೆ. ಅವಳು ಹೇಳಿದ್ದು 34141. ಬಾಡಿಗೆ ಕರಾರಿನಲ್ಲಿ ಗುಂಗ್-ದೊಂಗ್ ಎಂದಿದ್ದರೆ, ಬಡಾವಣೆ ಕಚೇರಿಯ ಕಾಗದದಲ್ಲಿ ಒನ್‌ಚನ್ 2-ದೊಂಗ್ ಎಂದಿದೆ. ನಾನು ಬರೆದದ್ದು: ಅವಳ ಹೆಸರು, ರಸ್ತೆಯ ಹೆಸರು ಮತ್ತು ಕಟ್ಟಡದ ಸಂಖ್ಯೆ, ಯುಸಂಗ್-ಗು, ದೇಜನ್, 34141, ದಕ್ಷಿಣ ಕೊರಿಯಾ. ತಪ್ಪಿದ್ದು ಎಲ್ಲಿ? ಈ ಗು, ದೊಂಗ್, ರೋ ಎಂದರೇನು? (ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ನೀವು ಅನುಮಾನಪಟ್ಟ ನಾಲ್ಕೂ ಸರಿಯಾಗಿಯೇ ಇವೆ. ಅವಳ ಸಂಸ್ಥೆಗೆ 305-701 ಒಂದು ಕಾಲಕ್ಕೆ ಸರಿಯಾಗಿತ್ತು, 34141 ಈಗ ಸರಿ. ಗುಂಗ್-ದೊಂಗ್ ಸರಿ, ಒನ್‌ಚನ್ 2-ದೊಂಗ್ ಕೂಡ ಸರಿ. ಪಾರ್ಸೆಲ್ಲನ್ನು ಮರಳಿಸಿದ್ದು ನೀವು ಅನುಮಾನವನ್ನೇ ಪಡದ ಐದನೆಯ ಸಂಗತಿ. ಅದಕ್ಕೆ ಕಡೆಯಲ್ಲಿ ಬರುತ್ತೇನೆ. ಆ ದೇಶದ ವಿಳಾಸದ ಕಟ್ಟೋಣ ತಿಳಿದರೆ ಮುಂದಿನ ಸಲ ನೀವು ಯಾರನ್ನೂ ಕೇಳಬೇಕಾಗುವುದಿಲ್ಲ.

ಪಿನ್‌ನಿಂದಲೇ ತೊಡಗೋಣ. ನಮ್ಮಲ್ಲಿ 1972ರ ಆಗಸ್ಟ್ 15ರಂದು ಬಂದ ಆರಂಕಿಯ ಪಿನ್ ಇಂದಿಗೂ ಹಾಗೆಯೇ ಇದೆ. ಕೊರಿಯನ್ನರು ಎರಡು ಸಲ ಬದಲಾಯಿಸಿದ್ದಾರೆ. 1970ರ ಜುಲೈನಲ್ಲಿ ಐದಂಕಿಯಿಂದ ಆರಂಭಿಸಿ, 1988ರಲ್ಲಿ ಆರಂಕಿಗೆ ಹೋಗಿ, 2015ರ ಆಗಸ್ಟ್ 1ರಂದು ಮತ್ತೆ ಐದಕ್ಕೆ ಇಳಿದರು. ನಡುವೆ ಗೆರೆಯಿರುವ 305-701ರಂಥದ್ದು ಕಣ್ಣಿಗೆ ಬಿದ್ದರೆ ಅದು 2015ಕ್ಕಿಂತ ಹಿಂದಿನದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ವಿಜ್ಞಾನ ಲೇಖನಗಳಲ್ಲಿ ಇವು ಇನ್ನೂ ತುಂಬಿಕೊಂಡಿವೆ, ಏಕೆಂದರೆ ಅಚ್ಚಾದದ್ದನ್ನು ಯಾರೂ ತಿದ್ದುವುದಿಲ್ಲ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸೂತ್ರವೇನೂ ಇಲ್ಲ. ಅಂಕಿ ಕೂಡಿಸಿ ಕಳೆದು ಸಿಗುವಂಥದ್ದಲ್ಲ, ಹುಡುಕಿಯೇ ತಿಳಿಯಬೇಕು.

ಏಕೆಂದರೆ ಬದಲಾದದ್ದು ಅಂಕಿಗಳಷ್ಟೇ ಅಲ್ಲ, ಅಂಕಿ ಸೂಚಿಸುವ ವಸ್ತುವೇ ಬೇರೆಯಾಯಿತು. ನಿಮ್ಮೂರಿನ 577201 ಒಂದು ಅಂಚೆ ಕಚೇರಿಯ ಸಂಖ್ಯೆ. ಆ ಕಚೇರಿಯಿಂದ ಬಟವಾಡೆಯಾಗುವ ಮನೆಗಳೆಲ್ಲ ಅದರ ಲೆಕ್ಕಕ್ಕೆ ಸೇರುತ್ತವೆ. ಕೊರಿಯಾದ ಆರಂಕಿಯೂ ಹೆಚ್ಚುಕಡಿಮೆ ಅದೇ ಜಾತಿಯದು. ಈಗಿನ ಐದಂಕಿ ಅಂಚೆ ಇಲಾಖೆಯ ಸ್ವಂತ ಸೊತ್ತೇ ಅಲ್ಲ. ಸರಕಾರ ಇಡೀ ದೇಶದ ನೆಲವನ್ನು ರಸ್ತೆ, ರೈಲು ಹಳಿ, ಹೊಳೆಯಂಥ ಸುಲಭಕ್ಕೆ ಕದಲದ ಗೆರೆಗಳ ಗುಂಟ ತುಂಡು ತುಂಡಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ‘ರಾಷ್ಟ್ರೀಯ ಮೂಲ ವಲಯ’ ಎನ್ನಬಹುದು. ಪೊಲೀಸ್, ಅಗ್ನಿಶಾಮಕ, ಅಂಕಿಅಂಶ ಇಲಾಖೆಗಳೂ ತಮ್ಮ ಎಲ್ಲೆಗಳನ್ನು ಇದರ ಮೇಲೆ ಹೊಂದಿಸಿಕೊಳ್ಳಲಿ ಎಂಬುದು ಉದ್ದೇಶ. ಅಂಚೆ ಇಲಾಖೆ ಆ ಸಂಖ್ಯೆಯನ್ನೇ ಎತ್ತಿಕೊಂಡಿತು. ಇಂಥ ವಲಯಗಳು 34 ಸಾವಿರದ ಆಸುಪಾಸು. ಕರ್ನಾಟಕದ ಸುಮಾರು ಅರ್ಧದಷ್ಟು ವಿಸ್ತಾರದ ದೇಶಕ್ಕೆ 34 ಸಾವಿರ! ಇಡೀ ಭಾರತದಲ್ಲಿ ಇರುವ ಪಿನ್‌ಗಳು ಸುಮಾರು 19 ಸಾವಿರ. ಹೀಗಾಗಿ ಒಂದು ದೊಡ್ಡ ವಸತಿ ಸಮುಚ್ಚಯಕ್ಕೋ ಒಂದು ಕ್ಯಾಂಪಸ್ಸಿಗೋ ತನ್ನದೇ ಸಂಖ್ಯೆ ಇರುವುದು ಅಲ್ಲಿ ವಿಶೇಷವಲ್ಲ.

ಐದಂಕಿಯನ್ನು ಬಿಡಿಸಿ ಓದುವುದು ಸುಲಭ. ಮೊದಲೆರಡು ಅಂಕಿ ಪ್ರಾಂತ್ಯ ಅಥವಾ ಮಹಾನಗರ: 01ರಿಂದ 09 ಸೋಲ್, 10ರಿಂದ 20 ಅದನ್ನು ಸುತ್ತುವರಿದ ಗ್ಯೊಂಗಿ, 34 ಮತ್ತು 35 ನಿಮ್ಮ ಮಗಳ ದೇಜನ್, 46ರಿಂದ 49 ಬೂಸಾನ್, ಕೊನೆಯ 63 ಜೇಜು ದ್ವೀಪ. ಮೂರನೆಯ ಅಂಕಿ ಸೇರಿದರೆ ನಗರದೊಳಗಿನ ವಿಭಾಗ ಸಿಗುತ್ತದೆ. ಉಳಿದೆರಡು ಆ ವಿಭಾಗದೊಳಗಿನ ಕ್ರಮಸಂಖ್ಯೆ. ಇಲ್ಲಿ ಸೋಲ್‌ಗೆ ಕಾಗದ ಬರೆಯುವವರಿಗೆ ಒಂದು ಎಚ್ಚರಿಕೆ: ಅಲ್ಲಿನ ಎಲ್ಲ ಪಿನ್‌ಗಳೂ ಸೊನ್ನೆಯಿಂದ ಆರಂಭವಾಗುತ್ತವೆ. ಸೋಲ್‌ನ ಭಾರತೀಯ ರಾಯಭಾರ ಕಚೇರಿಯದು 04419. ವಿಳಾಸಗಳನ್ನು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ತುಂಬಿದರೆ ಅದು ‘ಮುಂದಿನ ಸೊನ್ನೆಗೆ ಬೆಲೆಯಿಲ್ಲ’ ಎಂದು ತಾನೇ ತೀರ್ಮಾನಿಸಿ 4419 ಮಾಡಿಬಿಡುತ್ತದೆ. ಮದುವೆಯ ಕರೆಯೋಲೆಗಳ ಪಟ್ಟಿಯೊಂದರಲ್ಲಿ ಸೋಲ್‌ನ ಅಷ್ಟೂ ಗೆಳೆಯರು ನಾಲ್ಕಂಕಿಯವರಾಗಿದ್ದನ್ನು ನಾನು ಕಂಡಿದ್ದೇನೆ.

ಇನ್ನು ವಿಳಾಸ. ನಿಮ್ಮ ಬಳಿಯಿರುವ ಹಳೆಯ ಲೇಖನವನ್ನು ಇನ್ನೊಮ್ಮೆ ನೋಡಿ. 305-701ರ ಜೊತೆಗೆ ಬಹುಶಃ ‘373-1, ಗುಸಂಗ್-ದೊಂಗ್, ಯುಸಂಗ್-ಗು’ ಎಂದಿರುತ್ತದೆ. ಅದು ನಿಮ್ಮ ಮಗಳ ಸಂಸ್ಥೆಯಾದ ಕೈಸ್ಟ್‌ನ, ಅಂದರೆ ಕೊರಿಯಾದ ವಿಜ್ಞಾನ ತಂತ್ರಜ್ಞಾನ ಸಂಸ್ಥೆಯ, ಹಳೆಯ ವಿಳಾಸ. ಈಗ ಅದೇ ಜಾಗ ‘291, ದೇಹಕ್-ರೋ, ಯುಸಂಗ್-ಗು, ದೇಜನ್ 34141’. ಸಂಸ್ಥೆ ಒಂದು ಅಡಿಯೂ ಸರಿದಿಲ್ಲ.

ಹಳೆಯದು ನೆಲದ ವಿಳಾಸ. ಜಪಾನಿನ ಆಳ್ವಿಕೆ 1910ರಿಂದ 1918ರವರೆಗೆ ಕೊರಿಯಾದ ಭೂಮಿಯನ್ನೆಲ್ಲ ಅಳೆಸಿ, ಕಂದಾಯಕ್ಕೆ ಅನುಕೂಲವಾಗುವಂತೆ ಪ್ರತಿ ತುಂಡಿಗೂ ಸಂಖ್ಯೆ ಹಾಕಿಸಿತು. ನಮ್ಮ ಪಹಣಿಯಲ್ಲಿ ಸರ್ವೆ ನಂಬರ್, ಹಿಸ್ಸಾ ಎಂದು ಇರುತ್ತದಲ್ಲ, ಅದೇ. 373 ಮೂಲ ತುಂಡು, ಆಮೇಲೆ ಬೇರ್ಪಟ್ಟ ಭಾಗ 373-1. ಗುಡ್ಡದ ನೆಲವಾದರೆ ಸಂಖ್ಯೆಯ ಹಿಂದೆ ‘ಸಾನ್’ ಎಂದು ಸೇರಿಸುತ್ತಾರೆ, ಬೆಟ್ಟ ಎಂದರ್ಥ. ಹೊಲಕ್ಕೆ ಇದು ಚೆನ್ನ, ಮನೆ ಹುಡುಕುವವನಿಗೆ ಶಿಕ್ಷೆ. ಅಣ್ಣತಮ್ಮಂದಿರು ಪಾಲಾದಂತೆಲ್ಲ, ಬಡಾವಣೆ ಎದ್ದಂತೆಲ್ಲ ತುಂಡುಗಳು ಒಡೆದು, 12ರ ಪಕ್ಕದಲ್ಲಿ 13ರ ಬದಲು 340 ಬಂದು ಕುಳಿತಿತು. ಸರ್ವೆ ನಂಬರ್ ಹೇಳಿ ಒಬ್ಬ ಅಪರಿಚಿತನನ್ನು ಮನೆಗೆ ಊಟಕ್ಕೆ ಕರೆದು ನೋಡಿ, ಅವನ ಪಾಡು ಅರ್ಥವಾಗುತ್ತದೆ. ಆ ಕಾಲದ ಕೊರಿಯನ್ನರು ವಿಳಾಸ ಕೊಡುತ್ತಿದ್ದುದೇ ‘ಇಂಥ ಬ್ಯಾಂಕಿನ ಹಿಂದೆ, ಔಷಧಿ ಅಂಗಡಿಯ ಎಡಕ್ಕೆ’ ಎಂದು. ನಮಗೆ ಇದು ಹೊಸದೇನೂ ಅಲ್ಲ.

ಹೊಸದು ದಾರಿಯ ವಿಳಾಸ. 2006ರಲ್ಲಿ ಕಾಯಿದೆ ಮಾಡಿ, 2011ರ ಜುಲೈನಲ್ಲಿ ದೇಶಾದ್ಯಂತ ಘೋಷಿಸಿ, ಕೆಲಕಾಲ ಎರಡನ್ನೂ ನಡೆಸಿ, 2014ರ ಜನವರಿ 1ರಿಂದ ಇದನ್ನು ಕಡ್ಡಾಯಗೊಳಿಸಿದರು. ಜನ ಗೊಣಗಿದರು. ತಲತಲಾಂತರದಿಂದ ಬಂದ ಊರುಕೇರಿಗಳ ಹೆಸರು ವಿಳಾಸದಿಂದ ಅಳಿದುಹೋಗುತ್ತದೆ ಎಂದು ಬೌದ್ಧ ಮಠಗಳವರು ತಕರಾರು ಎತ್ತಿದರು. ದೇಗುಲಗಳಿಂದ ಹುಟ್ಟಿದ ಹೆಸರುಗಳು ಅಲ್ಲಿ ಬಹಳ. ಅವರ ಕೊರಗು ನ್ಯಾಯವಾದದ್ದೇ. ಆದರೂ ಕಾಲ್ನಡಿಗೆಯಲ್ಲಿ ವಿಳಾಸ ಹುಡುಕಿ ಅಲೆದ ನನಗೆ ಈ ಹೊಸ ಪದ್ಧತಿಯ ಮೇಲೆ ಸ್ವಲ್ಪ ಪಕ್ಷಪಾತವಿದೆ.

ಅದರ ಸೊಗಸು ಇರುವುದು ಲೆಕ್ಕದಲ್ಲಿ. ರಸ್ತೆಗಳಲ್ಲಿ ಮೂರು ದರ್ಜೆ: ಎಂಟು ಲೇನ್ ಅಥವಾ 40 ಮೀಟರಿನಷ್ಟು ಅಗಲವಾದದ್ದು ‘ದೇರೋ’, ಎರಡರಿಂದ ಏಳು ಲೇನಿನದು ‘ರೋ’, ಅದಕ್ಕಿಂತ ಕಿರಿದು ‘ಗಿಲ್’. ರಸ್ತೆ ಪಶ್ಚಿಮದಿಂದ ಪೂರ್ವಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಹೊರಡುತ್ತದೆಂದು ಇಟ್ಟುಕೊಳ್ಳುತ್ತಾರೆ. ಹೊರಟ ಕಡೆಯಿಂದ ಪ್ರತಿ 20 ಮೀಟರಿಗೆ ಎಡಗಡೆ ಒಂದು ಬೆಸ ಸಂಖ್ಯೆ, ಬಲಗಡೆ ಒಂದು ಸಮ ಸಂಖ್ಯೆ. ಹೀಗಾಗಿ ಕಟ್ಟಡದ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ರಸ್ತೆಯ ಆರಂಭದಿಂದ ಅದು ಎಷ್ಟು ಮೀಟರ್ ದೂರ ಎಂಬುದು ಸುಮಾರಾಗಿ ಸಿಗುತ್ತದೆ. ದೇಹಕ್-ರೋ ಎಂದರೆ ವಿಶ್ವವಿದ್ಯಾಲಯ ರಸ್ತೆ. ಅದರ 99ನೆಯ ಸಂಖ್ಯೆ ಚುಂಗ್‌ನಾಮ್ ರಾಷ್ಟ್ರೀಯ ವಿಶ್ವವಿದ್ಯಾಲಯ, 291 ಕೈಸ್ಟ್. ಅಂದರೆ ಮೊದಲನೆಯದು ರಸ್ತೆ ಹೊರಟಲ್ಲಿಂದ ಒಂದು ಕಿಲೋಮೀಟರಿಗೆ ಹತ್ತು ಹೆಜ್ಜೆ ಕಡಿಮೆ, ಎರಡನೆಯದು ಮೂರು ಕಿಲೋಮೀಟರಿಗೆ ಇನ್ನೇನು ತುಸು ಬಾಕಿ. ಎರಡೂ ಬೆಸ, ಹಾಗಾಗಿ ಒಂದೇ ಬದಿ. ನಡುವಿನ ಅಂತರ ಎರಡು ಕಿಲೋಮೀಟರಿಗೆ ಹತ್ತಿರ. ಇಷ್ಟನ್ನು ಶಿವಮೊಗ್ಗದಲ್ಲಿ ಕುಳಿತೇ, ನಕ್ಷೆ ತೆಗೆಯದೆಯೇ ಹೇಳಬಹುದು.

ಬೀದಿ ಫಲಕವನ್ನೂ ಹೀಗೆಯೇ ಓದಬೇಕು. ಸೋಲ್‌ನ ಗಾಂಗ್‌ನಾಮ್-ದೇರೋ ಆರಂಭವಾಗುವಲ್ಲಿ ನೀಲಿ ಫಲಕದ ಮೇಲೆ ಹೆಸರಿನ ಜೊತೆಗೆ ‘1→699’ ಎಂದಿರುತ್ತದೆ: ನೀವು ನಿಂತಿರುವುದು ಶುರುವಿನಲ್ಲಿ, ಮುಂದೆ ರಸ್ತೆ 6.99 ಕಿಲೋಮೀಟರ್ ಇದೆ ಎಂದು ಅರ್ಥ. ಇದು ತಿಳಿಯುವ ಮೊದಲು ನಾನೊಮ್ಮೆ 57ನೆಯ ಕಟ್ಟಡದ ಮುಂದೆ ಇಳಿದು, 58 ಪಕ್ಕದಲ್ಲೇ ಇರಬೇಕೆಂದು ಅದೇ ಸಾಲಿನಲ್ಲಿ ಹಿಂದೆ ಮುಂದೆ ಮೂರು ಬಾರಿ ನಡೆದೆ. 55 ಇತ್ತು, 59 ಇತ್ತು. 58 ರಸ್ತೆಯ ಆಚೆ ಬದಿಯಲ್ಲಿ, ನನ್ನ ಎದುರಿಗೇ ಇತ್ತು. ಅದರ ಬಾಗಿಲಲ್ಲಿ ನಿಂತು ಒಬ್ಬ ಅಜ್ಜಿ ನನ್ನ ಓಡಾಟವನ್ನು ಮೊದಲಿನಿಂದ ನೋಡುತ್ತಿದ್ದರು.

ಒಳಗಿನ ಗಲ್ಲಿಗಳಿಗೂ ಇದೇ ಲೆಕ್ಕ. ದೇಜನ್‌ನಲ್ಲಿ ‘ದೇಹಕ್-ರೋ 151ಬನ್-ಗಿಲ್’ ಎಂದು ಬರೆದಿದ್ದರೆ, ಆ ರಸ್ತೆಯ 1.51 ಕಿಲೋಮೀಟರಿನ ಸುಮಾರಿಗೆ ಎಡಕ್ಕೆ ಹೊರಡುವ ಗಲ್ಲಿ ಎಂದು ತಿಳಿಯಿರಿ. ಸೋಲ್‌ನಲ್ಲಿ ಮಾತ್ರ ಸಾಮಾನ್ಯವಾಗಿ ನಡುವಿನ ‘ಬನ್’ ಇರುವುದಿಲ್ಲ. ಅಲ್ಲಿನ ‘5-ಗಿಲ್’, ‘7-ಗಿಲ್’ಗಳು ಬರಿಯ ಸರದಿಯ ಸಂಖ್ಯೆಗಳು, ದೂರ ಹೇಳುವುದಿಲ್ಲ. ಇಡೀ ಪದ್ಧತಿಯಲ್ಲಿ ನನಗೆ ಸರಿಬೀಳದಿರುವುದು ಇದೊಂದೇ.

ವಿಳಾಸದಲ್ಲಿ ರಾಜಕೀಯವೂ ನುಸುಳುತ್ತದೆ. ಜಪಾನ್ ತನ್ನದೆಂದು ವಾದಿಸುವ ದೊಕ್ದೋ ಎಂಬ ಬಂಡೆದ್ವೀಪಗಳ ಮೇಲೂ ಕೊರಿಯಾ ಎರಡು ರಸ್ತೆಗಳಿಗೆ ಹೆಸರಿಟ್ಟಿದೆ. ಒಂದು 512ರಲ್ಲಿ ಆ ಭಾಗವನ್ನು ವಶಪಡಿಸಿಕೊಂಡ ಸಿಲ್ಲಾ ರಾಜ್ಯದ ಸೇನಾನಿ ಇಸಾಬುವಿನ ಹೆಸರಿನದು, ಇನ್ನೊಂದು 17ನೆಯ ಶತಮಾನದಲ್ಲಿ ಜಪಾನಿಗೇ ಹೋಗಿ ವಾದ ಹೂಡಿದ ಬೆಸ್ತ ಆನ್ ಯೊಂಗ್‌ಬೊಕ್‌ನದು. ಬೆರಳೆಣಿಕೆಯ ಕಟ್ಟಡಗಳಿರುವ ಆ ಬಂಡೆಗಳಿಗೂ ಪಿನ್ ಉಂಟು: 40240.

ಈಗ ಗು ಮತ್ತು ದೊಂಗ್. ದೇಶ ಮೊದಲು ಪ್ರಾಂತ್ಯ ಮತ್ತು ಮಹಾನಗರಗಳಾಗಿ ಒಡೆಯುತ್ತದೆ. 2012ರಲ್ಲಿ ಸೇಜೋಂಗ್ ನಗರ ಸೇರಿ ಇವು 17 ಆದವು. ಪ್ರಾಂತ್ಯ ‘ದೋ’. ಅದರೊಳಗೆ ಪಟ್ಟಣವಾದರೆ ‘ಶಿ’, ಹಳ್ಳಿಗಾಡಿನ ತಾಲ್ಲೂಕಾದರೆ ‘ಗುನ್’. ಮಹಾನಗರವನ್ನು ‘ಗು’ಗಳಾಗಿ ಪಾಲು ಮಾಡುತ್ತಾರೆ, ಸೋಲ್‌ಗೆ 25, ದೇಜನ್‌ಗೆ ಐದು. ಗುವಿನ ಕೆಳಗೆ ‘ದೊಂಗ್’, ಅಂದರೆ ನಮ್ಮ ಬಡಾವಣೆ ಅಥವಾ ವಾರ್ಡು. ಗುನ್ ಕೆಳಗೆ ‘ಉಪ್’, ‘ಮ್ಯೊನ್’, ಕಟ್ಟಕಡೆಗೆ ಹಳ್ಳಿಗೆ ‘ರಿ’. ಸೇಜೋಂಗ್‌ನಲ್ಲಿ ಗುವೂ ಇಲ್ಲ, ಗುನ್‌ನೂ ಇಲ್ಲ. ನಗರದ ಹೆಸರಾದ ಮೇಲೆ ನೇರವಾಗಿ ರಸ್ತೆಯೇ ಬರುತ್ತದೆ. ಏನೋ ಬಿಟ್ಟುಹೋಗಿದೆ ಎಂದು ಗಾಬರಿಯಾಗಬೇಕಿಲ್ಲ.

ನಿಮ್ಮ ಮಗಳ ಎರಡು ಕಾಗದಗಳ ಜಗಳ ಇರುವುದು ದೊಂಗ್‌ನಲ್ಲಿ. ಕೊರಿಯಾದಲ್ಲಿ ದೊಂಗ್ ಎರಡು ಬಗೆ. ಒಂದು ಕಾನೂನಿನ ದೊಂಗ್: ಆಸ್ತಿ ನೋಂದಣಿ, ಕರಾರು ಪತ್ರಗಳಲ್ಲಿ ಬರುವ, ಸುಲಭಕ್ಕೆ ಬದಲಾಗದ ಹಳೆಯ ಹೆಸರು. ಇನ್ನೊಂದು ಆಡಳಿತದ ದೊಂಗ್: ಜನಸಂಖ್ಯೆ ನೋಡಿಕೊಂಡು, ಒಂದು ಕಚೇರಿ ಎಷ್ಟು ಜನರನ್ನು ನಿಭಾಯಿಸಬಹುದೆಂದು ಲೆಕ್ಕ ಹಾಕಿ ಕಟ್ಟಿಕೊಂಡ ಏರ್ಪಾಡು. ಜನ ಕಡಿಮೆಯಿದ್ದಲ್ಲಿ ಹಲವು ಕಾನೂನು ದೊಂಗ್‌ಗಳಿಗೆ ಒಂದೇ ಕಚೇರಿ; ಜನ ಕಿಕ್ಕಿರಿದಲ್ಲಿ ಒಂದೇ ದೊಂಗ್‌ಗೆ ಹಲವು ಕಚೇರಿ. ಗುಂಗ್-ದೊಂಗ್ ಕಾನೂನಿನ ಹೆಸರು. ಅದನ್ನೂ ನೆರೆಯ ಕೆಲವನ್ನೂ ನೋಡಿಕೊಳ್ಳುವ ಕಚೇರಿ ಒನ್‌ಚನ್ 2-ದೊಂಗ್. ‘ಒನ್‌ಚನ್’ ಎಂದರೆ ಬಿಸಿನೀರಿನ ಬುಗ್ಗೆ; ಯುಸಂಗ್ ಅದಕ್ಕೇ ಹೆಸರಾದ ಊರು. ಪಾರ್ಸೆಲ್ ಮೇಲೆ ಆಡಳಿತದ ದೊಂಗ್ ಬೇಡವೇ ಬೇಡ. ಕಾನೂನಿನ ದೊಂಗ್ ಬೇಕಾದರೆ ಕಡೆಯಲ್ಲಿ ಕಂಸದೊಳಗೆ ಇರಲಿ.

ಬಿಡಬಾರದ್ದು ಗುವಿನ ಮೇಲಿನ ನಗರದ ಹೆಸರು. ‘ಜುಂಗ್-ಗು’ ಎಂದರೆ ನಡುವಿನ ವಿಭಾಗ. ಆ ಹೆಸರಿನದು ಸೋಲ್‌ನಲ್ಲೂ ಇದೆ, ಬೂಸಾನ್, ದೇಗು, ದೇಜನ್, ಉಲ್ಸಾನ್‌ಗಳಲ್ಲೂ ಇದೆ. ಗೋಸಂಗ್ ಎಂಬ ಗುನ್ ಎರಡಿವೆ: ಒಂದು ಉತ್ತರದ ಗಡಿಯ ಬಳಿ ಗಾಂಗ್‌ವನ್ ಪ್ರಾಂತ್ಯದಲ್ಲಿ, ಇನ್ನೊಂದು ದಕ್ಷಿಣದ ಕಡಲತೀರದಲ್ಲಿ. ಗ್ವಾಂಗ್ಜು ಹೆಸರಿನ ಮಹಾನಗರ ನೈಋತ್ಯದಲ್ಲಿದ್ದರೆ, ಅದೇ ಹೆಸರಿನ ಸಣ್ಣ ನಗರ ಸೋಲ್‌ನ ಮಗ್ಗುಲಲ್ಲಿದೆ. ದೇಜನ್ ಹೆಸರು ಹಳೆಯ ಕಾಗದಗಳಲ್ಲಿ ‘ಟಿ’ ಅಕ್ಷರದಿಂದ, ಬೂಸಾನ್ ‘ಪಿ’ ಅಕ್ಷರದಿಂದ ಆರಂಭವಾಗಿದ್ದರೆ ಅದೂ ತಪ್ಪಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮವನ್ನೇ ಅವರು 2000ದಲ್ಲಿ ಬದಲಿಸಿದರು.

ಇನ್ನು ಆ ಐದನೆಯ ಸಂಗತಿ. ‘ದೊಂಗ್’ ಎಂಬುದಕ್ಕೆ ಇನ್ನೂ ಒಂದು ಅರ್ಥವಿದೆ: ವಸತಿ ಸಮುಚ್ಚಯದ ಒಂದೊಂದು ಗೋಪುರ. ‘103-ದೊಂಗ್ 1502-ಹೋ’ ಎಂದರೆ 103ನೆಯ ಕಟ್ಟಡ, 15ನೆಯ ಮಹಡಿಯ ಎರಡನೆಯ ಮನೆ. ‘ಹೋ’ ಎಂದರೆ ಮನೆಯ ಅಥವಾ ಕೋಣೆಯ ಸಂಖ್ಯೆ. ನೀವು ಬರೆದದ್ದರಲ್ಲಿ ಈ ‘ಹೋ’ ಇಲ್ಲ. ರಸ್ತೆಯ ಹೆಸರು ಮತ್ತು ಕಟ್ಟಡದ ಸಂಖ್ಯೆ ಅಂಚೆಯವನನ್ನು ಕಟ್ಟಡದ ಮುಂಬಾಗಿಲಿಗೆ ಮುಟ್ಟಿಸುತ್ತವೆ. ಅಲ್ಲಿಂದಾಚೆ ಅವಕ್ಕೆ ಏನೂ ಗೊತ್ತಿಲ್ಲ. ವಿದ್ಯಾರ್ಥಿಗಳು ಇರುವ ‘ಒನ್ ರೂಮ್’ ಕಟ್ಟಡಗಳಲ್ಲಿ ಮೂರು ನಾಲ್ಕು ಮಹಡಿ, ಹತ್ತಿಪ್ಪತ್ತು ಬಾಗಿಲು. ಮುಂಬಾಗಿಲಿಗೆ ಗುಪ್ತಸಂಖ್ಯೆಯ ಬೀಗ, ಒಳಗೆ ಹೆಸರಿಲ್ಲದ ಅಂಚೆ ಡಬ್ಬಿಗಳು. ಮೊಬೈಲ್ ಸಂಖ್ಯೆಯೂ ಇಲ್ಲದ ಡಬ್ಬವನ್ನು ಹೊತ್ತು ನಿಂತ ಮನುಷ್ಯನಿಗೆ ಅದನ್ನು ಮರಳಿಸುವುದಲ್ಲದೆ ಬೇರೆ ದಾರಿ ಏನಿದೆ?

ಜೊತೆಗೆ ಸಣ್ಣದೊಂದು ತೊಡಕೂ ಆಗಿದೆ. 34141 ಕ್ಯಾಂಪಸ್ಸಿನ ಸಂಖ್ಯೆ. ಮಗಳು ಇರುವುದು ಹೊರಗೆ, ಹಾಗಾಗಿ ರೂಮಿಗೆ ಬೇರೆ ಐದಂಕಿ ಇರುತ್ತದೆ. ನೀವು ರೂಮಿನ ರಸ್ತೆಗೆ ಪ್ರಯೋಗಾಲಯದ ಪಿನ್ ಜೋಡಿಸಿದ್ದೀರಿ. ಇದರಿಂದ ಸಾಮಾನ್ಯವಾಗಿ ಒಂದೆರಡು ದಿನ ತಡವಾಗಬಹುದಷ್ಟೆ, ಕಾಗದ ಕಳೆದುಹೋಗುವುದಿಲ್ಲ. ಸರಿಯಾದ ಸಂಖ್ಯೆಯನ್ನು ಸರಕಾರದ ವಿಳಾಸ ಜಾಲತಾಣ ಜೂಸೋ ಡಾಟ್ ಜಿಒ ಡಾಟ್ ಕೆಆರ್‌ನಲ್ಲಿ ಮಗಳು ಅರೆಗಳಿಗೆಯಲ್ಲಿ ಹುಡುಕಬಹುದು. ಕೊರಿಯನ್ ಬರಹವನ್ನು ಸರಿಯಾದ ಇಂಗ್ಲಿಷ್ ಕಾಗುಣಿತಕ್ಕೆ ತಿರುಗಿಸಿಯೂ ಅದು ಕೊಡುತ್ತದೆ.

ಡಬ್ಬದ ಮೇಲೆ ಬರೆಯುವ ಕ್ರಮ ನಮ್ಮಂತೆಯೇ, ಚಿಕ್ಕದರಿಂದ ದೊಡ್ಡದಕ್ಕೆ: ಹೆಸರು, ‘ಹೋ’ ಸಂಖ್ಯೆ, ಕಟ್ಟಡದ ಸಂಖ್ಯೆ ಮತ್ತು ರಸ್ತೆ, ಯುಸಂಗ್-ಗು, ದೇಜನ್ ಮತ್ತು ಐದಂಕಿ, ಕಡೆಯ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ದಕ್ಷಿಣ ಕೊರಿಯಾ. ‘ದಕ್ಷಿಣ’ ಬಿಡಬೇಡಿ. ಕೆಳಗೆ ಅವಳ ಕೊರಿಯಾದ ಮೊಬೈಲ್ ಸಂಖ್ಯೆ. ಕೊರಿಯನ್ನರು ತಮ್ಮ ಭಾಷೆಯಲ್ಲಿ ಬರೆಯುವಾಗ ತಿರುವುಮುರುವು: ಪ್ರಾಂತ್ಯ ಮೊದಲು, ಹೆಸರು ಕಡೆಗೆ. ಮಗಳು ಕಳಿಸಿದ ಕೊರಿಯನ್ ವಿಳಾಸವನ್ನು ಹಾಗೆಯೇ ಮುದ್ರಿಸಿ ಇಂಗ್ಲಿಷ್ ವಿಳಾಸದ ಪಕ್ಕದಲ್ಲಿ ಅಂಟಿಸಿದರೆ ಒಳ್ಳೆಯದು. ಇಲ್ಲಿಯ ಅಂಚೆಯವರು ಇಂಗ್ಲಿಷನ್ನು ಓದುತ್ತಾರೆ, ಅಲ್ಲಿಯವರು ಅದನ್ನು.

ಮಗಳನ್ನು ಇನ್ನೊಂದು ಮಾತು ಕೇಳಿ: ಅವಳ ಕೋಣೆಗೆ ಅಧಿಕೃತವಾಗಿ ‘ಹೋ’ ಸಂಖ್ಯೆ ಇದೆಯೇ? ಒಬ್ಬನೇ ಮಾಲೀಕನ ಹೆಸರಿನಲ್ಲಿ ನೋಂದಣಿಯಾದ ಇಂಥ ಬಾಡಿಗೆ ಕಟ್ಟಡಗಳಲ್ಲಿ ಕೋಣೆಗಳಿಗೆ ಸರಕಾರಿ ಸಂಖ್ಯೆಯೇ ಇಲ್ಲದಿರುವುದುಂಟು. ಇಲ್ಲದಿದ್ದರೆ ಗು ಕಚೇರಿಗೆ ಅರ್ಜಿ ಕೊಟ್ಟು ‘ವಿವರ ವಿಳಾಸ’ ಪಡೆಯಬಹುದು. ಮಾಲೀಕರೇ ಹೋಗಬೇಕೆಂದಿಲ್ಲ, ಬಾಡಿಗೆಗೆ ಇರುವವರೂ ಕೇಳಬಹುದು. ಅದು ಸಿಗುವವರೆಗೆ ಅವಳ ಬಾಗಿಲ ಮೇಲೆ 203 ಎಂದೋ 305 ಎಂದೋ ಅಂಟಿಸಿರುವ ಸಂಖ್ಯೆಯನ್ನೇ ಬರೆಯಿರಿ, ಅಂಚೆಯವನು ನೋಡುವುದು ಅದನ್ನೇ. ಅದೂ ಇಲ್ಲವೆಂದಾದರೆ ಈ ಸಲದ ಡಬ್ಬವನ್ನು ಪ್ರಯೋಗಾಲಯದ ಕಟ್ಟಡ ಮತ್ತು ಕೊಠಡಿ ಸಂಖ್ಯೆ ಹಾಕಿ 291, ದೇಹಕ್-ರೋಗೆ ಕಳಿಸಿ. ಆಗ ನಿಮ್ಮ 34141 ಸರಿಯಾದ ಜಾಗದಲ್ಲಿ ಕೂರುತ್ತದೆ.